ಹೊಟ್ಟೆಯ ಮೇಲಿನ ಕೈ

ಬಸುರಿಯೊಬ್ಬಳು ಡಾಕ್ಟರ ಬಳಿ ಯಾವಾಗ ಹೋಗಬೇಕು ಎಂಬುದನ್ನು ಅವಳ ಸೊಂಟದ ಪಟ್ಟಿಯೇ ಹೇಳುವ ಕಾಲ ಬಂದಿತ್ತು. ಸರ್ಕಾರದ ಕಾಗದಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಗದಗ, ಹಾವೇರಿ, ಧಾರವಾಡದ ಕಡೆಯ ಹೆಂಗಸರು ಮಾತ್ರ ಅದನ್ನು ಡಾಬು ಎಂದೇ ಕರೆದರು. ಮದುವೆಯಲ್ಲಿ ಸೊಂಟಕ್ಕೆ ಕಟ್ಟುವ ಬೆಳ್ಳಿಯ ಡಾಬಿನಷ್ಟೇ ಅಗಲ, ಆದರೆ ಮೆತ್ತನೆಯ ನೂಲಿನ ಬಟ್ಟೆ. ಎಳೆಗಳ ನಡುವೆ ಕೂದಲಿಗಿಂತ ತೆಳುವಾದ ತಂತಿಗಳು. ಅವು ಕೂಸಿನ ಎದೆಬಡಿತ ಕೇಳುತ್ತಿದ್ದವು, ಗರ್ಭಕೋಶ ಬಿಗಿಯುವುದನ್ನು ಅಳೆಯುತ್ತಿದ್ದವು, ಕೂಸು ಮಿಸುಕಿದಾಗಲೆಲ್ಲ ಎಣಿಸಿಕೊಳ್ಳುತ್ತಿದ್ದವು, ತಾಯಿಯ ನಾಡಿಯನ್ನೂ ಮೈಬಿಸಿಯನ್ನೂ ನೋಡುತ್ತಿದ್ದವು. ಎಲ್ಲವೂ ಆ ಕ್ಷಣವೇ ಧಾರವಾಡದ ಕೇಂದ್ರಕ್ಕೆ ಹೋಗುತ್ತಿತ್ತು. ಡಾಬಿನ ಅಂಚಿನಲ್ಲಿ ಮೆಂತ್ಯದ ಕಾಳಿನಷ್ಟು ದೀಪ. ಹಸಿರಿದ್ದರೆ ಮನೆಯಲ್ಲಿರಿ. ಹಳದಿಯಾದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಕೆಂಪಾದರೆ ಆಂಬುಲೆನ್ಸ್ ತಾನಾಗಿಯೇ ಬಾಗಿಲಿಗೆ ಬರುತ್ತಿತ್ತು.

ಜನ ಅದಕ್ಕೆ ಬೇಗ ಒಗ್ಗಿಕೊಂಡರು. ಬಸುರಿಗೆ ಉಡಿ ತುಂಬುವ ಕುಬಸದ ದಿನ ಹಸಿರು ಸೀರೆ, ಹಸಿರು ಬಳೆಯ ಜೊತೆ ತಟ್ಟೆಯಲ್ಲಿ ಡಾಬನ್ನೂ ಇಟ್ಟು ಆರತಿ ಬೆಳಗುವ ರೂಢಿ ಬಂತು. ಗಂಡಂದಿರು ಫೋನಿನಲ್ಲಿ ಬಣ್ಣ ನೋಡಿ ನಿಶ್ಚಿಂತೆಯಿಂದ ಕೆಲಸಕ್ಕೆ ಹೋದರು. ಸೊಸೆ ಸೊಂಟನೋವು ಎಂದರೆ ಅತ್ತೆ ತಲೆಯೆತ್ತದೆ, "ದೀಪ ಯಾವ ಬಣ್ಣ ಐತಿ?" ಎಂದು ಕೇಳುತ್ತಿದ್ದಳು. ಸಾಯಬೇಕಾಗಿದ್ದ ಎಷ್ಟೋ ತಾಯಂದಿರು ಬದುಕಿದರು. ಅದು ಸುಳ್ಳಲ್ಲ. ಆದರೆ ಬಸುರಿಯರನ್ನು "ನಿನಗ ಹೆಂಗ ಅನಸ್ತೈತಿ?" ಎಂದು ಕೇಳುವುದು ಮೆಲ್ಲಗೆ ನಿಂತುಹೋಯಿತು. ಅದೂ ಸುಳ್ಳಲ್ಲ.

ಬೆಟಗೇರಿಯ ಶಿವಲೀಲಾ ಹೈಸ್ಕೂಲಿನಲ್ಲಿ ಆಟದ ಟೀಚರು. ಒಂದು ಕಾಲಕ್ಕೆ ರಾಜ್ಯದ ತಂಡದಲ್ಲಿ ಖೋ ಖೋ ಆಡಿದವಳು. ಮೊಣಕಾಲು ಕಿತ್ತು ರಕ್ತ ಸುರಿಯುತ್ತಿದ್ದರೂ ಮಣ್ಣು ಮೆತ್ತಿಕೊಂಡು ಓಡಿದವಳೆಂದು ಶಾಲೆಯ ಹುಡುಗಿಯರು ಈಗಲೂ ಹೇಳಿಕೊಳ್ಳುತ್ತಿದ್ದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಂದೆ ಇರಲಿಲ್ಲ. ತಾಯಿ ಸಂಗವ್ವ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ವೀರೇಶ ಕೊಪ್ಪಳದಲ್ಲಿ ಬಸ್ಸಿನ ಡ್ರೈವರು. ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ.

ಒಂಬತ್ತು ತುಂಬುತ್ತ ಬಂದ ಹಾಗೆ ಶಿವಲೀಲಾಳ ಮೈ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಉಂಡದ್ದು ಎದೆಗೆ ಬಂದು ಉರಿಯುತ್ತಿತ್ತು. ಸಂಜೆಯಾದರೆ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಮೀನಖಂಡ ಹಿಡಿದುಕೊಂಡು ಜೀವ ಹೋಗುತ್ತಿತ್ತು. ಹೊಟ್ಟೆ ಕಲ್ಲಿನಂತೆ ಬಿಗಿಯಾಗಿ ಮತ್ತೆ ಸಡಿಲಾಗುತ್ತಿತ್ತು. ಇವುಗಳಲ್ಲಿ ಯಾವುದು ಸಹಜ, ಯಾವುದು ಅಲ್ಲ? ಹಿಂದೊಮ್ಮೆ ಹೀಗೆಯೇ ಹೊಟ್ಟೆ ಬಿಗಿದಾಗ ಹೆದರಿ ಆಸ್ಪತ್ರೆಗೆ ಓಡಿದ್ದಳು. ಅಲ್ಲಿದ್ದ ಹೊಸ ಡಾಕ್ಟರು ಅವಳ ಮುಖವನ್ನೂ ಸರಿಯಾಗಿ ನೋಡದೆ ಡಾಬು ನೋಡಿ ನಕ್ಕಿದ್ದ. "ಹಸಿರು ಐತೆಲ್ರಿ ಟೀಚರ. ಇದಕ್ಕಿಂತ ನಿಮಗ ಜಾಸ್ತಿ ಗೊತ್ತೇನು?" ಸಾಲಿನಲ್ಲಿ ಕುಳಿತಿದ್ದ ಹೆಂಗಸರೂ ನಕ್ಕಿದ್ದರು. ಇನ್ನು ದೀಪದ ಬಣ್ಣ ಬದಲಾಗುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವತ್ತೇ ನಿಶ್ಚಯಿಸಿಕೊಂಡಿದ್ದಳು.

ಆ ಬೆಳಿಗ್ಗೆ ಸಂಗವ್ವ ಎಂದಿನಂತೆ ಗಿರಣಿ ಶುರು ಮಾಡಿದಳು. ದಿನಾಲೂ ಗಿರಣಿಯ ಸದ್ದಿಗೆ ಹೊಟ್ಟೆಯೊಳಗಿನ ಕೂಸು ಎಚ್ಚೆತ್ತು ಜಾಡಿಸಿ ಒದೆಯುತ್ತಿತ್ತು. ಶಿವಲೀಲಾಳ ಬಟ್ಟಲಿನ ಚಹಾ ಕೂಡ ಅಲ್ಲಾಡುವಷ್ಟು ಜೋರು. ಅವತ್ತು ಒದೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಏನೋ ಹೊರಳಿದ ಹಾಗಾಯಿತು. ನೀರಿನಲ್ಲಿ ಬಿಟ್ಟ ಬಟ್ಟೆ ತಾನಾಗಿ ಮಗ್ಗುಲು ಬದಲಿಸಿದಂತೆ. ಡಾಬು ಅದನ್ನೂ ಒಂದು ಎಂದು ಎಣಿಸಿಕೊಂಡಿತು. ದೀಪ ಹಸಿರಾಗಿಯೇ ಇತ್ತು.

ಅವಳು ತಣ್ಣೀರು ಕುಡಿದಳು. ಶೇಂಗಾದ ಉಂಡೆ ತಿಂದಳು. ಎಡಮಗ್ಗುಲಾಗಿ ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾದಳು. ಮತ್ತೆ ಅದೇ ಹೊರಳಾಟ. ಮತ್ತೆ ಮೌನ.

ಜೋಳ ಬೀಸಿಸಲು ಬಂದಿದ್ದ ಪಕ್ಕದ ಓಣಿಯ ಶಾಂತವ್ವ ಒಳಗೆ ಇಣುಕಿ, "ಯಾಕವಾ ಲೀಲಾ, ಮಕಾ ಬಾಡೈತಿ?" ಎಂದಳು.

"ಕೂಸು ಯಾಕೋ ಮೆತ್ತಗಾಗೇತ್ರಿ ಇವತ್ತ."

"ಆಗತೈತಿ ಬಿಡು. ದಿನಾ ತುಂಬಿದ ಕೂಸಿಗೆ ಜಾಗಾ ಎಲ್ಲಿ ಐತಿ ಒದ್ಯಾಕ? ಸುಮ್ಮನಾಗತೈತಿ."

ಸಂಗವ್ವ ಹಿಟ್ಟಿನ ಕೈಯಲ್ಲೇ ಒಳಗೆ ಬಂದು ಬಗ್ಗಿ ದೀಪ ನೋಡಿದಳು. ಅವಳ ಮುಖ ಹಗುರಾಯಿತು. "ಹಸರ ಐತಿ. ಅಂಜಬ್ಯಾಡ" ಎಂದು ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು. ಶಿವಲೀಲಾಳ ಹಣೆಗೆ ಹಿಟ್ಟು ಮೆತ್ತಿಕೊಂಡಿತು. ಗಿರಣಿ ಮತ್ತೆ ಸದ್ದು ಮಾಡತೊಡಗಿತು. ಅವಳ ಕೈ ಹೊಟ್ಟೆಯನ್ನು ಬಿಟ್ಟು ಮೇಲೇಳಲಿಲ್ಲ.

ಅದೇ ಬೆಳಿಗ್ಗೆ ಧಾರವಾಡದ ಕೇಂದ್ರದಲ್ಲಿ ಡಾಕ್ಟರ್ ರುಕ್ಸಾನಾ ಕಿತ್ತೂರ ದೊಡ್ಡ ಗೋಡೆಯ ಮುಂದೆ ನಿಂತಿದ್ದರು. ಇಡೀ ಗೋಡೆ ಒಂದು ನಕ್ಷೆ. ಬೀದರಿನಿಂದ ಕಾರವಾರದವರೆಗೆ ಡಾಬು ಕಟ್ಟಿಕೊಂಡ ಒಬ್ಬೊಬ್ಬ ತಾಯಿಗೂ ಒಂದೊಂದು ಚುಕ್ಕೆ. ಬಹುಪಾಲು ಹಸಿರು. ಬಿತ್ತಿದ ಹೊಲ ಮೊಳಕೆಯೊಡೆದಂತೆ ಕಾಣುತ್ತಿತ್ತು. ರುಕ್ಸಾನಾ ಹೆರಿಗೆ ಡಾಕ್ಟರಾಗಿ ಬಹಳ ವರ್ಷ ದುಡಿದು ಈಗ ಈ ಕೋಣೆಯ ಹೊಣೆ ಹೊತ್ತಿದ್ದರು. ಡಾಬಿನಿಂದ ಬರುವ ಸಂಕೇತಗಳನ್ನು ಓದುವ ತಂತ್ರವನ್ನು ಕಟ್ಟಿದವನು ಅಭಿನಂದನ ಉಪಾಧ್ಯೆ ಎಂಬ ಎಂಜಿನಿಯರು. ನಿಪ್ಪಾಣಿಯ ಕಡೆಯವನು, ಮಿತಭಾಷಿ. ಅವತ್ತು ಅವನೇ ಅವರನ್ನು ಕರೆದಿದ್ದ.

"ಮೇಡಂ, ನಿಮಗ ಒಂದು ತೋರಸಬೇಕು. ತಪ್ಪಿದ್ರ ಬೈರಿ."

ಅವನು ವಿವರಿಸಿದ. ಡಾಬಿನ ತಂತಿಗಳು ಬಹಳ ಸೂಕ್ಷ್ಮ. ಮೇಲಿನಿಂದ ಯಾರಾದರೂ ಕೈ ಇಟ್ಟರೆ ಒಳಗಿನ ಎದೆಬಡಿತ ಸರಿಯಾಗಿ ಕೇಳುವುದಿಲ್ಲ. ಅಂಗೈಗೆ ಅದರದೇ ಬಿಸಿ, ಅದರದೇ ಒತ್ತಡ. ಬಸುರಿಯರೋ, ದಿನವಿಡೀ ಹೊಟ್ಟೆ ಮುಟ್ಟಿಕೊಳ್ಳುವವರು. ಅದಕ್ಕೇ ಅವನು ಮೊದಲೇ ಒಂದು ಜರಡಿ ಬರೆದಿದ್ದ. ಕೈಯ ಗದ್ದಲವನ್ನು ಸೋಸಿ ಒಂದು ಕಡೆ ಎಸೆದು, ಉಳಿದದ್ದನ್ನು ಮಾತ್ರ ಮುಂದೆ ಕಳಿಸುವ ಜರಡಿ. ಹೀಗೆ ಸೋಸಿ ಎಸೆದದ್ದು ವರ್ಷಗಟ್ಟಲೆ ಗುಡ್ಡೆಯಾಗಿ ಜಾಗ ತಿನ್ನುತ್ತಿತ್ತು. ಅಳಿಸುವ ಮುನ್ನ ಒಮ್ಮೆ ನೋಡೋಣವೆಂದು ತೆರೆದಿದ್ದ.

"ಮುಂದ ದೀಪ ಕೆಂಪಾದವರನ್ನಷ್ಟ ಬ್ಯಾರೆ ತೆಗದೆ, ಮೇಡಂ. ಕೆಂಪಾಗೂಕಿಂತ ಮೊದಲ ಅವರ ಕೈ ಏನು ಮಾಡ್ತಿತ್ತು ಅಂತ ನೋಡಿದೆ."

ಅವನು ಒಂದು ಗೆರೆಯನ್ನು ಪರದೆಗೆ ತಂದ. ಸುಖವಾಗಿದ್ದ ತಾಯಂದಿರ ಕೈ ಹಕ್ಕಿಯ ಹಾಗೆ ಬಂದು ಕುಳಿತು ಹಾರುತ್ತಿತ್ತು. ಸವರುವುದು, ತಟ್ಟುವುದು, ಬಿಟ್ಟುಬಿಡುವುದು. ಮುಂದೆ ಅಪಾಯಕ್ಕೆ ಸಿಕ್ಕವರ ಕೈ ಬೇರೆ ಥರ ಇತ್ತು. ಅದು ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಿತ್ತು. ಅಲುಗಾಡುತ್ತಿರಲಿಲ್ಲ. ಸರಿದರೂ ಮತ್ತೆ ಅಲ್ಲಿಗೇ ಬರುತ್ತಿತ್ತು. ಕೂಸಿನ ಎದೆಬಡಿತ ಇನ್ನೂ ಸರಿಯಾಗಿದ್ದಾಗ, ಯಾವ ತಂತಿಗೂ ಏನೂ ತಿಳಿಯದಿದ್ದಾಗ, ದೀಪ ಬಣ್ಣ ಬದಲಿಸಲು ಇನ್ನೂ ಎಷ್ಟೋ ತಾಸುಗಳಿದ್ದಾಗ ಆ ಕೈ ಅಲ್ಲಿ ಬಂದು ಕುಳಿತುಬಿಟ್ಟಿತ್ತು. ಒಬ್ಬಳಲ್ಲಿ, ಇಬ್ಬರಲ್ಲಿ ಅಲ್ಲ. ಮತ್ತೆ ಮತ್ತೆ, ಊರೂರಿನಲ್ಲಿ.

ರುಕ್ಸಾನಾ ಪರದೆಯ ಹತ್ತಿರಕ್ಕೆ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದರು.

"ಇದು ಮುಟ್ಟೂದಲ್ಲ ಅಭಿನಂದನ. ಇವರು ಕಿವಿಗೊಟ್ಟು ಕೇಳಾಕತ್ತಾರ" ಎಂದರು ಕೊನೆಗೆ.

"ಅವರಿಗೆ ಹೆಂಗ ಗೊತ್ತಾಗತೈತಿ ಮೇಡಂ? ನಮ್ಮ ತಂತಿಗೇ ಗೊತ್ತಾಗೂದಿಲ್ಲ."

"ನನಗ ಗೊತ್ತಿಲ್ಲಪಾ. ಒದೆಯ ಬಲ ಇರಬಹುದು. ರಕ್ತದಾಗ ಬರೂ ಯಾವುದೋ ರಸ ಇರಬಹುದು. ಕೂಸಿಗೂ ತಾಯಿಗೂ ನಡುವ ನಾವಿನ್ನೂ ಹೆಸರಿಡದ ಎಷ್ಟ ದಾರಿ ಅದಾವೋ ಏನೋ." ಅವರ ದನಿ ತಗ್ಗಿತು. "ಈಗಿಂದು ತೋರಸ್ತೀಯೇನು? ಈ ಹೊತ್ತಿನ ಕೈಗಳನ್ನ?"

ಅಭಿನಂದನ ಜರಡಿಯನ್ನು ತೆಗೆದ. ಗೋಡೆ ಒಮ್ಮೆ ಕಪ್ಪಾಯಿತು. ಆಮೇಲೆ ಒಂದೊಂದಾಗಿ ಬೆಳಕು ಮೂಡಿತು. ಚಿಕ್ಕೋಡಿಯಲ್ಲಿ ಯಾರೋ ಹೊಟ್ಟೆ ಸವರಿಕೊಂಡರು. ಲಿಂಗಸುಗೂರಿನಲ್ಲಿ ಯಾರೋ ಮೆಲ್ಲಗೆ ತಟ್ಟಿದರು. ಭಟ್ಕಳದಲ್ಲಿ ಎರಡು ಕೈ, ಒಂದು ದೊಡ್ಡದು ಒಂದು ಪುಟ್ಟದು, ಹಿರಿಯ ಮಗುವೊಂದು ಹುಟ್ಟದ ತಮ್ಮನನ್ನೋ ತಂಗಿಯನ್ನೋ ಮುಟ್ಟುತ್ತಿರಬೇಕು. ನೋಡನೋಡುತ್ತ ನಾಡಿನ ನಕ್ಷೆಯೇ ಅಂಗೈಗಳಿಂದ ತುಂಬಿಹೋಯಿತು. ಉಸಿರಾಡುವ ಹಾಗೆ ಬೆಳಗುತ್ತ ಮಸುಕಾಗುತ್ತ ಸಾವಿರ ಸಾವಿರ ಕೈಗಳು. ಇಷ್ಟು ವರ್ಷ ಇದೇ ಕೋಣೆಗೆ ಬರುತ್ತಿದ್ದವು. ಇವರು ಅವನ್ನು ಕಸವೆಂದು ಗುಡಿಸುತ್ತಿದ್ದರು. ಕೋಣೆಯಲ್ಲಿದ್ದ ನರ್ಸುಗಳು ಕೆಲಸ ಬಿಟ್ಟು ಎದ್ದು ನಿಂತರು. ಒಬ್ಬಾಕೆ ತನಗರಿವಿಲ್ಲದೆ ಕೈ ಮುಗಿದಳು.

ಮಿನುಗುವ ಆ ಬೆಳಕುಗಳ ನಡುವೆ ಒಂದು ಮಾತ್ರ ಮಿನುಗಲಿಲ್ಲ. ಗದಗಿನ ಮೇಲೆ, ಬೆಟಗೇರಿಯಲ್ಲಿ, ಒಂದೇ ಸಮನೆ ಉರಿಯುತ್ತಿತ್ತು.

"ಇದು ಯಾವಾಗಿಂದ ಹಿಂಗ ಐತಿ?"

"ಮುಂಜಾನಿಂದ, ಮೇಡಂ. ಒಂದ ಜಾಗಾ. ಸರದಿಲ್ಲ." ಅಭಿನಂದನ ಇನ್ನೊಂದು ಪರದೆ ನೋಡಿದ. "ದೀಪ ಹಸರ ಐತಿ. ಎದಿಬಡಿತ ಸರಿ ಐತಿ. ಮಿಸಕಾಟದ ಲೆಕ್ಕಾನೂ ಸರಿ ಐತಿ."

ಹಸಿರು ದೀಪದ ತಾಯಿಗೆ ಕೇಂದ್ರದಿಂದ ಯಾರೂ ಫೋನ್ ಮಾಡುವಂತಿರಲಿಲ್ಲ. ವಿನಾಕಾರಣ ಹೆದರಿಸಿದಂತಾಗುತ್ತದೆ ಎಂದು ಮೇಲಿನವರೇ ಮಾಡಿದ ನಿಯಮ. ರುಕ್ಸಾನಾ ಆ ಬೆಳಕನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಫೋನ್ ಎತ್ತಿಕೊಂಡರು.

ಫೋನಿನಲ್ಲಿ ಕೇಂದ್ರದ ಹೆಸರು ಕಂಡು ಶಿವಲೀಲಾ ಎದ್ದು ಕುಳಿತಳು. ದೀಪ ನೋಡಿಕೊಂಡಳು. ಹಸಿರೇ.

"ಶಿವಲೀಲಾ ಅವರ, ನಾನು ಡಾಕ್ಟರ್ ರುಕ್ಸಾನಾ ಅಂತ. ಗಾಬರಿ ಆಗಬ್ಯಾಡ್ರಿ, ಡಾಬು ಏನೂ ಹೇಳಿಲ್ಲ. ನಾನ ನಿಮ್ಮನ್ನ ಕೇಳಬೇಕಂತ ಮಾಡೀನಿ. ನಿಮಗ ಹೆಂಗ ಅನಸಾಕತ್ತೈತಿ?"

ಹೀಗೆ ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. ಏನೆಂದು ಹೇಳುವುದು? ಕೂಸು ಮಿಸುಕುತ್ತಿದೆ. ನೋವಿಲ್ಲ. ರಕ್ತ ಹೋಗಿಲ್ಲ. ನೀರು ಹೋಗಿಲ್ಲ. ತನ್ನ ಬಳಿ ತೋರಿಸಲು ಏನೂ ಇಲ್ಲ. ಸಾಲಿನಲ್ಲಿ ಕುಳಿತ ಹೆಂಗಸರ ನಗು ಕಿವಿಗೆ ಬಂತು.

"ಆರಾಮ ಅದೀನ್ರಿ. ಏನಿಲ್ರಿ" ಎಂದಳು.

"ನನ್ನ ನಂಬರ ಇಟ್ಕೋರಿ. ಏನೂ ಇಲ್ಲಂದ್ರೂ ಮಾಡ್ರಿ. ಇಲ್ಲೇ ಕುಂತಿರ್ತೀನಿ."

ಸಂಗವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಯಾರವಾ? ಯಾಕ ಮಾಡಿದ್ರು? ದೀಪ ಹಸರ ಐತೆಲ್ಲ?"

"ಹಸರ ಐತಿ, ಯವ್ವಾ."

"ಮತ್ತ ಅಳಾಕ್ಯಾಕ ಹತ್ತಿ?"

ತಾನು ಅಳುತ್ತಿರುವುದು ಶಿವಲೀಲಾಳಿಗೆ ಗೊತ್ತಿರಲಿಲ್ಲ. ಕೆನ್ನೆ ಒರೆಸಿಕೊಂಡಳು. ಗಿರಣಿಯ ಸದ್ದಿನಲ್ಲಿ ತಾಯಿಗೆ ಕೇಳಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಕೂಸು ಮಿಸಕತೈತಿ, ಯವ್ವಾ. ಇಲ್ಲಂತಲ್ಲ. ಆದ್ರ ದೂರ ಎಲ್ಲೋ ಹೋಗಿ ಮಿಸಕಿದಂಗ ಆಗತೈತಿ" ಎಂದಳು.

ಸಂಗವ್ವ ಹೊರಗೆ ಹೋದಳು. ಗಿರಣಿ ನಿಂತಿತು. ಬೀಸುವ ಕಲ್ಲುಗಳು ತಿರುಗಿ ತಿರುಗಿ ಸುಮ್ಮನಾಗುವವರೆಗೆ ಅವಳು ಅಲ್ಲೇ ನಿಂತಿದ್ದಳು. ಒಳಗೆ ಬಂದಾಗ ಅವಳ ಮುಖ ಬೇರೆಯಾಗಿತ್ತು. ಮಗಳ ಪಕ್ಕ ಕುಳಿತಳು.

"ನಿನಗಿಂತ ಮೊದಲ ಒಂದು ಇತ್ತು, ಲೀಲಾ."

ಶಿವಲೀಲಾ ತಾಯಿಯನ್ನೇ ನೋಡಿದಳು.

"ದಿನಾ ತುಂಬಿದ್ವು. ಒಂದಿನ ಹಿಂಗ ಮೆತ್ತಗಾತು. ನಿಮ್ಮ ಅಜ್ಜಿಗೆ ಹೇಳಿದೆ, ಕೂಸು ದೂರ ಹೋದಂಗ ಅನಸತೈತಿ, ಅತ್ತಿ, ಅಂತ. ಜಾಗಾ ಸಾಲವಲ್ದು ಅಂದ್ಲು. ನಿಮ್ಮಪ್ಪಗ ಹೇಳಿದೆ. ಸಂತಿ ಮುಗಿಸಿ ನಾಳೆ ನೋಡೂಣು ಅಂದ. ನಾನೂ ಸುಮ್ಮನಾದೆ. ನನಗೇನ ಗೊತ್ತೈತಿ ಅಂತ." ಸಂಗವ್ವ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಈ ಡಾಬು ಬಂದಾಗ ನಾ ದೇವರಿಗೆ ಕಾಯಿ ಒಡಸಿದ್ದೆ. ಹೆಣ್ಮಗಳ ಮಾತು ಯಾರೂ ಕೇಳೂದಿಲ್ಲ, ಇದರ ಮಾತು ಎಲ್ಲಾರೂ ಕೇಳತಾರ ಅಂತ. ಈಗ ನೋಡಿದ್ರ ನಾನ ನಿನ್ನ ಮಾತು ಕೇಳಲಿಲ್ಲ. ಏಳು."

"ಯವ್ವಾ, ಮತ್ತ ನಗತಾರ..."

"ನಗಲಿ. ನಕ್ಕು ಮನಿಗೆ ಕಳಸಲಿ. ಆರಾಮ ಐತಿ ಅಂತ ತಿಳಕೊಂಡು ಬರೂಣು. ಏಳು ನನ್ನವ್ವ."

ಗಿರಣಿಯ ಮುಂದೆ ಡಬ್ಬಿ, ಚೀಲ ಹಿಡಿದು ಕಾಯುತ್ತಿದ್ದವರು, "ಎಲ್ಲಿಗೆ ಸಂಗವ್ವ? ದೀಪ ಕೆಂಪಾತೇನು?" ಎಂದು ಕೇಳಿದರು.

"ದೀಪ ಹಸರ ಐತಿ. ನನ್ನ ಮಗಳಿಗೆ ಸರಿ ಅನಸವಲ್ದು" ಎಂದು ಸಂಗವ್ವ ಆಟೋಕ್ಕೆ ಕೈ ಮಾಡಿದಳು. ಬೀಸದ ಜೋಳ ಗಿರಣಿಯ ಬಾಯಲ್ಲೇ ಉಳಿಯಿತು.

ಆಟೋದಲ್ಲಿ ಶಿವಲೀಲಾ ರುಕ್ಸಾನಾರಿಗೆ ಫೋನ್ ಮಾಡಿ, ಮೊದಲು ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳುತ್ತ ಎಲ್ಲವನ್ನೂ ಹೇಳಿದಳು. ಅವರು ಕೊನೆಯವರೆಗೆ ಕೇಳಿದರು. ಆಮೇಲೆ, "ಚಲೋ ಮಾಡಿದ್ರಿ. ಹೋಗ್ರಿ. ನಾನು ಅಲ್ಲಿಗೆ ಹೇಳತೀನಿ" ಎಂದರು.

ಆಸ್ಪತ್ರೆಯಲ್ಲಿ ಅವತ್ತು ಡಾಕ್ಟರ್ ಪ್ರಫುಲ್ಲಾ ಬೆಳವಡಿ ಇದ್ದರು. ನರೆಗೂದಲು, ಚುರುಕು ನಡಿಗೆ. ಅವರು ಡಾಬನ್ನು ಬಿಚ್ಚಿ ಪಕ್ಕಕ್ಕಿಟ್ಟು, ಶಿವಲೀಲಾಳ ಹೊಟ್ಟೆಯ ಮೇಲೆ ತಮ್ಮ ಕೈ ಇಟ್ಟರು.

"ಒಂಬತ್ತರಾಗ ಜಾಗಾ ಸಾಲದ ಸುಮ್ಮನಾಗತೈತಿ ಅಂತಾರ್ರಿ ಎಲ್ಲಾರೂ" ಎಂದಳು ಶಿವಲೀಲಾ.

"ಎಲ್ಲಾರೂ ಅಂತಾರ. ಖರೆ ಅಲ್ಲ ಅದು. ಒದೆಯೂ ರೀತಿ ಬದಲಾಗಬಹುದು. ಕಡಿಮಿ ಆಗಬಾರದು, ಮೆತ್ತಗಾಗಬಾರದು. ಕೊನೀ ದಿನದ ತನಕ ಕೂಸು ತನ್ನ ಪದ್ಧತಿ ಬಿಡೂದಿಲ್ಲ. ಬಿಟ್ರ ಆ ದಿನಾನ ಬರಬೇಕು, ನಾಳೆ ಅನ್ನಬಾರದು. ನೀವು ಬಂದೀರಿ."

ಅವರು ಕೂಸಿನ ಎದೆಬಡಿತ ಬರೆಯುವ ಯಂತ್ರ ಜೋಡಿಸಿದರು. ಕಾಗದ ನಿಧಾನವಾಗಿ ಹೊರಬಂತು. ಸಾಮಾನ್ಯವಾಗಿ ಆ ಗೆರೆ ಕಲ್ಲುಹಾದಿಯಂತೆ ಒರಟಾಗಿರುತ್ತದೆ. ಜೀವಂತ ಕೂಸು ಎಚ್ಚರಗೊಳ್ಳುತ್ತದೆ, ಬೆಚ್ಚುತ್ತದೆ, ಹೊರಳುತ್ತದೆ, ಗೆರೆ ಏರಿಳಿಯುತ್ತದೆ. ಇಲ್ಲಿ ಬಂದದ್ದು ನುಣುಪಾದ ಅಲೆ. ಏರು, ಇಳಿತ, ಏರು, ಇಳಿತ. ಎಲ್ಲವೂ ಒಂದೇ ಅಳತೆ. ಸಂಗವ್ವನ ಕಣ್ಣಿಗೆ ಅದು ಸೀರೆಯ ಅಂಚಿನ ಹಾಗೆ ಚಂದ ಕಂಡಿತು. ಪ್ರಫುಲ್ಲಾ ಅದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟರು.

ಸರಾಸರಿ ಬಡಿತ ಸರಿಯಾಗಿಯೇ ಇತ್ತು. ಅದಕ್ಕೇ ದೀಪ ಹಸಿರು. ಆದರೆ ಹೀಗೆ ಅಲೆಯಂತೆ ಬಡಿಯುವುದು ರಕ್ತ ಸಾಲದ ಕೂಸಿನ ಎದೆ. ಗರ್ಭಕೋಶಕ್ಕೆ ಅಂಟಿಕೊಂಡಿರುವ ಮಾಸಿನ ಮೂಲಕ ಕೂಸಿಗೆ ತಾಯಿಯಿಂದ ಗಾಳಿಯೂ ಆಹಾರವೂ ಹೋಗುತ್ತವೆ, ರಕ್ತ ಮಾತ್ರ ಬೆರೆಯುವುದಿಲ್ಲ. ಎಲ್ಲೋ ಅಪರೂಪಕ್ಕೆ ನಡುವಿನ ತೆಳು ಗೋಡೆ ಬಿರುಕುಬಿಡುತ್ತದೆ. ಕೂಸಿನ ರಕ್ತ ತಾಯಿಯ ಮೈಗೆ ಸೋರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಪ್ರಫುಲ್ಲಾ ಇದನ್ನು ಎರಡೇ ಮಾತಿನಲ್ಲಿ ಹೇಳಿ, ಶಿವಲೀಲಾಳ ತೋಳಿನಿಂದ ರಕ್ತ ತೆಗೆಸಿ, ಆಪರೇಷನ್ ಕೋಣೆಗೆ ಕರೆದೊಯ್ದರು.

ಕೂಸು ಹೆಣ್ಣು. ಹೊರಗೆ ತೆಗೆದಾಗ ಹತ್ತಿಯಂತೆ ಬಿಳಿಚಿತ್ತು. ತುಟಿಗೂ ಬಣ್ಣವಿರಲಿಲ್ಲ. ಅಳುವಷ್ಟು ಶಕ್ತಿಯಿಲ್ಲದೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಮಾಡಿತು. ಗಾಜಿನ ಆಚೆ ನಿಂತ ಸಂಗವ್ವನಿಗೆ ಆ ದನಿ ಕೇಳಲಿಲ್ಲ, ಬಾಯಿ ತೆರೆದದ್ದಷ್ಟೇ ಕಂಡಿತು. ಹೊಕ್ಕುಳ ಬಳ್ಳಿಯ ನಾಳಕ್ಕೆ ಸೂಜಿಗಿಂತ ಸಣ್ಣ ಕೊಳವೆ ಹಾಕಿ ರಕ್ತ ಕೊಡತೊಡಗಿದರು. ಸಂಗವ್ವ ರೆಪ್ಪೆ ಮಿಟುಕಿಸಲಿಲ್ಲ. ಮೊದಲು ಹೊಟ್ಟೆಯ ಸುತ್ತ ತುಸು ಬಣ್ಣ ಬಂತು. ಅದು ಎದೆಗೆ ಏರಿತು. ಕೊರಳಿಗೆ, ಗಲ್ಲಕ್ಕೆ, ಕಿವಿಯ ತುದಿಗೆ. ಬೆಳಗಾಗುವುದನ್ನು ಯಾರಾದರೂ ಒಂದು ಪುಟ್ಟ ಮೈಯಲ್ಲಿ ಕಂಡಿದ್ದರೆ ಅದು ಹೀಗಿರಬೇಕು. ಕೊನೆಗೆ ಅಂಗಾಲು ಕೆಂಪಾಯಿತು. ಕೂಸು ಒಂದು ಕಾಲನ್ನು ಮಡಚಿ ನರ್ಸಿನ ಕೈಯನ್ನು ಜಾಡಿಸಿ ಒದ್ದಿತು. ಸಂಗವ್ವ ಗಾಜಿಗೆ ಹಣೆ ಹಚ್ಚಿ ನಿಂತುಬಿಟ್ಟಳು.

ಮರುದಿನ ವೀರೇಶ ಬಂದು, ಮಗಳನ್ನು ನೋಡಿ, ಎತ್ತಿಕೊಳ್ಳಲು ಹೆದರಿ, ಔಷಧಿ ತರಲು ಹೋಗಿದ್ದ. ಪ್ರಫುಲ್ಲಾ ಒಂದು ಚಿಕ್ಕ ಪರದೆ ಹಿಡಿದು ಶಿವಲೀಲಾಳ ಹಾಸಿಗೆಯ ಹತ್ತಿರ ಬಂದರು.

"ಟೀಚರ, ಇದನ್ನ ನೋಡ್ರಿ. ಇದು ನಿಮ್ಮ ರಕ್ತ. ನಿನ್ನೆ ತಗೊಂಡಿದ್ದು."

ಮಸುಕು ಬೂದು ಬಯಲು. ಅದರ ತುಂಬ ನೆರಳಿನಂಥ ದುಂಡನೆಯ ಗುರುತುಗಳು. ಅವುಗಳ ನಡುವೆ ಅಲ್ಲಲ್ಲಿ ದಾಳಿಂಬೆಯ ಕಾಳಿನಂತೆ ಕೆಂಪಗೆ ಹೊಳೆಯುವ ಕಣಗಳು.

"ಒಂದು ಹುಳಿ ದ್ರಾವಣದಾಗ ತೊಳೀತೀವಿ. ದೊಡ್ಡವರ ರಕ್ತಕಣದ ಬಣ್ಣ ತೊಳದು ಹೋಗತೈತಿ. ಕೂಸಿನ ಕಣದ ಬಣ್ಣ ಗಟ್ಟಿ, ಉಳೀತೈತಿ. ಈ ನೆರಳೆಲ್ಲ ನೀವು. ಈ ಕೆಂಪೆಲ್ಲ ನಿಮ್ಮ ಮಗಳು."

ಶಿವಲೀಲಾ ಪರದೆಯನ್ನು ನೋಡಿದಳು. ಪಕ್ಕದಲ್ಲಿ ಮಲಗಿದ್ದ ಮಗಳನ್ನು ನೋಡಿದಳು, ಮತ್ತೆ ಪರದೆಯನ್ನು. "ಇಷ್ಟೊಂದು ನನ್ನ ಮೈಯಾಗ ಅದಾಳ?"

"ಈ ಕೆಂಪು ಕಣ ಸ್ವಲ್ಪ ದಿನಕ್ಕ ಸವದು ಹೋಗತಾವ. ಆದ್ರ ಬ್ಯಾರೆ ಜಾತಿ ಕಣ ಅದಾವ. ಎಲ್ಲಾ ಬಸರಿನಾಗೂ ಒಂದೀಟು ಕೂಸಿನಿಂದ ತಾಯಿಗೆ ದಾಟಿ ಬರತಾವ. ಅವು ಹೋಗೂದಿಲ್ಲ. ಎಲುಬಿನಾಗ, ಎದಿಯಾಗ ಮನಿ ಮಾಡಿಕೊಂಡು ವರ್ಷಾನುಗಟ್ಟಲೆ ಇರತಾವ. ಮುದುಕ್ಯಾರ ಮೈಯಾಗ ಸೈತ ಸಿಕ್ಕಾವ."

ಕಿಟಕಿಯ ಬಳಿ ಕೂಸಿನ ಬಟ್ಟೆ ಮಡಿಸುತ್ತಿದ್ದ ಸಂಗವ್ವನ ಕೈ ನಿಂತಿತು.

"ಡಾಕ್ಟರಬಾಯಿ," ಎಂದಳು. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು, "ಉಸರ ಇಲ್ಲದ ಹುಟ್ಟಿದ ಕೂಸಿನವೂ ಉಳದಿರತಾವೇನ್ರಿ?"

ಪ್ರಫುಲ್ಲಾ ಅವಳ ಕಡೆ ಪೂರ್ತಿ ತಿರುಗಿದರು. ಏನು, ಯಾರದು ಎಂದು ಕೇಳಲಿಲ್ಲ. "ಹೊಟ್ಟ್ಯಾಗ ಜೀವ ಇದ್ದಾಗನ ದಾಟಿ ಬಂದಿರತಾವ್ರಿ. ನಿಮ್ಮೊಳಗ ಅದಾವ ಅಂತ ಆಣಿ ಮಾಡಿ ಹೇಳಲಾರೆ. ಆದ್ರ ಇರಬಹುದು. ಇರೂ ಸಾಧ್ಯತಾನ ಹೆಚ್ಚು."

ಸಂಗವ್ವ ಬಂದು ಪರದೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅದು ಮಗಳ ರಕ್ತ, ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಬಹಳ ಹೊತ್ತು ನೋಡಿದಳು.

"ಗಂಡ ಕೂಸ ಇತ್ರಿ ಅದು" ಎಂದಳು. "ತಲಿತುಂಬ ಕೂದಲಾ. ನನಗ ಎತ್ತಿಕೊಳ್ಳಾಕ ಕೊಡಲಿಲ್ಲ. ಬಟ್ಟ್ಯಾಗ ಸುತ್ತಿ ಒಯ್ದುಬಿಟ್ರು."

ಶಿವಲೀಲಾ ಕೈ ಚಾಚಿ ತಾಯಿಯ ಮೊಣಕೈ ಹಿಡಿದಳು. ತನಗಿಂತ ಮೊದಲು ಒಂದು ಕೂಸಿತ್ತೆಂದು ನಿನ್ನೆ ಗೊತ್ತಾಗಿತ್ತು. ಅದು ಅಣ್ಣನೆಂದೂ ಅವನ ತಲೆತುಂಬ ಕೂದಲಿತ್ತೆಂದೂ ಈಗ ಗೊತ್ತಾಯಿತು. ಸಂಗವ್ವ ಅಳಲಿಲ್ಲ. ಬಹಳ ದಿನ ಬಾಗಿಲ ಹೊರಗೆ ನಿಂತವರನ್ನು ಒಳಗೆ ಕರೆದು ಕೂಡಿಸಿದವಳ ಹಾಗೆ ಹಾಸಿಗೆಯ ಅಂಚಿನಲ್ಲಿ ಕುಳಿತು, ನೀಳವಾಗಿ ಉಸಿರು ಬಿಟ್ಟಳು.

ಕೇಂದ್ರದಲ್ಲಿ ಆಮೇಲೆ ದೊಡ್ಡ ಸಭೆಗಳಾದವು. ಕೈಯ ಸಂಕೇತ ಎಲ್ಲ ಸಲವೂ ನಿಜವಾಗುವುದಿಲ್ಲ ಎಂದು ಹಲವರು ವಾದಿಸಿದರು. ಅದು ಸರಿಯೇ ಆಗಿತ್ತು. ಸುಮ್ಮನೆ ಹೆದರಿದ ಕೈಗಳೂ ಇದ್ದವು, ನಿದ್ದೆಯಲ್ಲಿ ಇಟ್ಟು ಮರೆತ ಕೈಗಳೂ ಇದ್ದವು. ಕೈಯನ್ನೂ ಡಾಬಿನ ಲೆಕ್ಕಕ್ಕೆ ಸೇರಿಸಿ, ಅದಕ್ಕೂ ಒಂದು ಬಣ್ಣ ಕೊಡೋಣ ಎಂದು ಮೇಲಿನವರೊಬ್ಬರು ಸಲಹೆ ಕೊಟ್ಟರು. ಅಭಿನಂದನ ಎಂದೂ ಸಭೆಯಲ್ಲಿ ಮಾತಾಡದವನು ಎದ್ದು ನಿಂತು, "ಬಣ್ಣ ಬ್ಯಾಡ್ರಿ. ಕೈ ಒಂದು ಪ್ರಶ್ನೆ, ಉತ್ತರ ಅಲ್ಲ. ಆಕೀನ್ನ ಕೇಳೂಣು" ಎಂದ.

"ಸಾವಿರಾರು ಮಂದಿ ಮಾತಾಡಾಕ ಶುರು ಮಾಡತಾರ. ಯಾರು ಕೇಳಬೇಕು?" ಎಂದರು ಬಣ್ಣದ ಸಲಹೆ ಕೊಟ್ಟವರು.

"ನಾವು" ಎಂದರು ರುಕ್ಸಾನಾ.

ಹಾಗೆ ಡಾಬಿಗೆ ಒಂದು ದನಿ ಬಂತು. ದೀಪ ಯಾವ ಬಣ್ಣದಲ್ಲೇ ಇರಲಿ, ಕೈ ಬಹಳ ಹೊತ್ತು ಒಂದೇ ಕಡೆ ನಿಂತರೆ ಅದು ಮೆಲ್ಲಗೆ ಕೇಳುತ್ತಿತ್ತು: ನಿಮಗ ಹೆಂಗ ಅನಸಾಕತ್ತೈತಿ? ಆ ಕಡೆ ಉತ್ತರ ಕೇಳುವುದು ಯಂತ್ರವಲ್ಲ, ಹೆರಿಗೆ ಮಾಡಿಸಿ ಗೊತ್ತಿದ್ದ ದಾದಿಯರು. ಅವರಲ್ಲಿ ಎಷ್ಟೋ ಮಂದಿ ನಿವೃತ್ತರಾಗಿ ಮನೆಯಲ್ಲಿದ್ದವರು, ಕರೆದಾಗ ಕನ್ನಡಕ ಒರೆಸಿಕೊಂಡು ಬಂದರು.

ಮೊದಲ ದಿನ ರುಕ್ಸಾನಾ ತಾವೂ ಒಂದು ಕುರ್ಚಿಯಲ್ಲಿ ಕುಳಿತು ಕಿವಿಗೆ ಫೋನ್ ಸಿಕ್ಕಿಸಿಕೊಂಡರು. ಎದುರಿಗೆ ಗೋಡೆ ತುಂಬ ಕೈಗಳು ಬೆಳಗುತ್ತಿದ್ದವು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಸಿಂಧನೂರಿನ ಕಡೆಯಿಂದ ಒಂದು ಬೆಳಕು ಅಲುಗದೆ ನಿಂತಿತು. ಕಿವಿಯಲ್ಲಿ ಯಾರೋ ಉಸಿರಾಡುವುದು ಕೇಳಿಸಿತು. ದೂರದಲ್ಲಿ ಒಂದು ಕೋಳಿ, ಯಾರೋ ಪಾತ್ರೆ ತೊಳೆಯುವ ಸದ್ದು.

"ನಾನ ಮಾತಾಡಬೇಕೇನ್ರಿ?" ಎಂದು ಒಂದು ಎಳೆಯ ಹೆಣ್ಣು ದನಿ ಕೇಳಿತು.

"ಹೂಂನವಾ, ನೀನ."

ಆ ಕಡೆಯವಳು ತಡವರಿಸಿದಳು. ಸಣ್ಣದಾಗಿ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಆಮೇಲೆ ಹೇಳತೊಡಗಿದಳು. ರುಕ್ಸಾನಾ ಕಣ್ಣು ಮುಚ್ಚಿಕೊಂಡು ಕೇಳಿದರು.